ಮಾಯವಾಗುವ ಗಡ್ಡೆ: ಮಿದುಳಿನ ಲಿಂಫೋಮಾ ಮತ್ತು ಸ್ಟೀರಾಯ್ಡ್

ಮಿದುಳಿನಲ್ಲಿ ಗಡ್ಡೆಯಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡ ಕೂಡಲೇ ನಮ್ಮಲ್ಲಿ ಬಹುತೇಕ ವೈದ್ಯರು ಬರೆಯುವ ಮೊದಲ ಔಷಧ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಗಡ್ಡೆಯ ಸುತ್ತ ನೀರು ತುಂಬಿ ಊದಿಕೊಂಡ ಮಿದುಳಿಗೆ ಅದು ಒಂದೆರಡು ದಿನದಲ್ಲೇ ಆರಾಮ ಕೊಡುತ್ತದೆ. ತಲೆನೋವು ಇಳಿಯುತ್ತದೆ, ವಾಂತಿ ನಿಲ್ಲುತ್ತದೆ, ಎಳೆದುಕೊಂಡು ನಡೆಯುತ್ತಿದ್ದವರು ಕಾಲೆತ್ತಿ ಇಡುವಂತಾಗುತ್ತದೆ. ಮಿದುಳಿನ ಬಹುಪಾಲು ಗಡ್ಡೆಗಳಲ್ಲಿ ಈ ಔಷಧ ಊತವನ್ನಷ್ಟೇ ಇಳಿಸಿ ಗಡ್ಡೆಯನ್ನು ಇದ್ದ ಹಾಗೆಯೇ ಬಿಡುವುದರಿಂದ, ಶಸ್ತ್ರಚಿಕಿತ್ಸಕರು ವಾರ ಬಿಟ್ಟು ತುಣುಕು ತೆಗೆದರೂ ಅದು ಯಾವ ಗಡ್ಡೆ ಎಂದು ಸೂಕ್ಷ್ಮದರ್ಶಕದಡಿ ಹೇಳುವುದಕ್ಕೆ ತೊಂದರೆಯಾಗುವುದಿಲ್ಲ. ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ ಹಾಗಲ್ಲ. ಅಲ್ಲಿ ಸ್ಟೀರಾಯ್ಡ್ ಊತದ ಜೊತೆಗೆ ಗಡ್ಡೆಯ ಜೀವಕೋಶಗಳನ್ನೇ ಕೊಲ್ಲುತ್ತದೆ, ಮತ್ತು ಆ ಕೆಲಸವನ್ನು ಅರ್ಧಕ್ಕೇ ಬಿಡುತ್ತದೆ. ರೋಗ ಉಳಿದು ಅದರ ಗುರುತು ಮಾತ್ರ ಅಳಿಸಿಹೋಗುವ ಈ ಸ್ಥಿತಿಯಿಂದ ಎಷ್ಟು ರೋಗಿಗಳು ಅಮೂಲ್ಯವಾದ ವಾರಗಳನ್ನು, ಕೆಲವೊಮ್ಮೆ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ ಎಂಬ ಚಿಂತೆಯೇ ನಾನು ಈ ವಿಷಯವನ್ನು ಆರಿಸಿಕೊಳ್ಳಲು ಕಾರಣ.

ನಾನು ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ವೈದ್ಯನಲ್ಲ. ಶಸ್ತ್ರಚಿಕಿತ್ಸಕರು ಸೂಜಿಯಿಂದ ತೆಗೆದು ಕಳಿಸುವ ಕೆಲವೇ ಮಿಲಿಮೀಟರ್ ಉದ್ದದ ಮಿದುಳಿನ ತುಣುಕನ್ನು ನೋಡಿ, ಇದು ಇಂಥ ಕಾಯಿಲೆ ಎಂದು ಬರೆದುಕೊಡುವವನು. ಆದ್ದರಿಂದ ನಾನು ಹೇಳುವುದರಲ್ಲಿ ಪ್ರಯೋಗಾಲಯದ ಕಡೆಯ ನೋಟವೇ ಹೆಚ್ಚಾಗಿ ಇರುತ್ತದೆ. ಸಭೆಯಲ್ಲಿ ಕುಟುಂಬ ವೈದ್ಯರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿಯುವವರೂ ಇದ್ದೀರಿ, ರೋಗಿಗಳ ಮನೆಯವರೂ ಇದ್ದೀರಿ. ಇಬ್ಬರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಉದಾಹರಣೆ. ಇದು ಯಾರೊಬ್ಬರ ಕಥೆಯೂ ಅಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಜೋಡಿಸಿ ನಾನೇ ಕಟ್ಟಿಕೊಂಡದ್ದು. ಅರವತ್ತು ದಾಟಿದ, ನಿವೃತ್ತರಾದ ಒಬ್ಬ ಮೇಷ್ಟ್ರು. ಮನೆಯ ಲೆಕ್ಕಪತ್ರವನ್ನೆಲ್ಲ ತಾವೇ ನೋಡುತ್ತಿದ್ದವರು ಎರಡು ತಿಂಗಳಿಂದ ಲೆಕ್ಕ ತಪ್ಪುತ್ತಾರೆ, ಮಾತು ಕಡಿಮೆಯಾಗಿದೆ, ಯಾವುದರಲ್ಲೂ ಆಸಕ್ತಿಯಿಲ್ಲ. ಮನೆಯವರು ಮೊದಲು ವಯಸ್ಸಾಯಿತು ಎಂದುಕೊಳ್ಳುತ್ತಾರೆ, ಆಮೇಲೆ ಮನಸ್ಸಿಗೆ ಬೇಸರ ಹಿಡಿದಿರಬೇಕು ಎಂದುಕೊಳ್ಳುತ್ತಾರೆ. ನಡಿಗೆ ಓಲಾಡತೊಡಗಿದಾಗ ಸಿಟಿ ಸ್ಕ್ಯಾನ್ ಆಗುತ್ತದೆ, ಮಿದುಳಿನ ಆಳದಲ್ಲಿ ಒಂದು ಗಡ್ಡೆ ಕಾಣುತ್ತದೆ, ದಿನಕ್ಕೆ ನಾಲ್ಕು ಬಾರಿ ಡೆಕ್ಸಾಮೆಥಾಸೋನ್ ಶುರುವಾಗುತ್ತದೆ. ಮೂರನೆಯ ದಿನ ಮೇಷ್ಟ್ರು ಪತ್ರಿಕೆ ಕೇಳುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದರೂ, ಇಷ್ಟು ಚೆನ್ನಾಗಿ ಆಗಿರುವಾಗ ಹಬ್ಬ ಮುಗಿಸಿಕೊಂಡು ಹೋದರಾಯಿತು ಎಂದು ಮನೆಯವರು ತೀರ್ಮಾನಿಸುತ್ತಾರೆ. ಮೂರು ವಾರದ ನಂತರ ಎಂಆರ್‌ಐ ಮಾಡಿಸಿದರೆ ಗಡ್ಡೆ ಇದ್ದ ಜಾಗದಲ್ಲಿ ತೆಳುವಾದ ಒಂದು ಮಸುಕು ಬಿಟ್ಟರೆ ಏನೂ ಇಲ್ಲ. ಎಲ್ಲರಿಗೂ ಸಂತೋಷ. ಔಷಧ ನಿಲ್ಲುತ್ತದೆ. ಎರಡು ತಿಂಗಳು ಕಳೆಯುವುದರೊಳಗೆ ಮೇಷ್ಟ್ರು ಹಾಸಿಗೆ ಬಿಟ್ಟು ಏಳಲಾರದ ಸ್ಥಿತಿಯಲ್ಲಿ ಮತ್ತೆ ಬರುತ್ತಾರೆ. ಈಗ ಗಡ್ಡೆ ಎರಡು ಕಡೆ ಇದೆ.

ಈ ಕಥೆಯಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ಏನನ್ನೂ ಮಾಡಿಲ್ಲ ಎಂಬುದನ್ನು ಗಮನಿಸಿ. ಆದರೂ ರೋಗಿಗೆ ನಷ್ಟವಾಗಿದೆ. ಅದು ಹೇಗಾಯಿತು ಎಂದು ತಿಳಿಯಬೇಕಾದರೆ ಈ ಕಾಯಿಲೆಯ ಸ್ವಭಾವ ತಿಳಿಯಬೇಕು.

ಲಿಂಫೋಮಾ ಎಂದರೆ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಸಾಮಾನ್ಯವಾಗಿ ಅದು ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳಲ್ಲಿ ಗಂಟಾಗಿ ಕಾಣಿಸಿಕೊಳ್ಳುತ್ತದೆ. ದೇಹದ ಬೇರೆಲ್ಲೂ ಇಲ್ಲದೆ ಮಿದುಳು, ಬೆನ್ನುಹುರಿ, ಅವುಗಳ ಪೊರೆ ಮತ್ತು ಕಣ್ಣಿನೊಳಗೆ ಮಾತ್ರ ಅದು ಇದ್ದಾಗ ಪ್ರಾಥಮಿಕ ಮಿದುಳು ಲಿಂಫೋಮಾ ಎನ್ನುತ್ತೇವೆ. ಮಿದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಇದರ ಪಾಲು ನೂರಕ್ಕೆ ಎರಡರಿಂದ ನಾಲ್ಕು ಮಾತ್ರ. ಇವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿ-ಲಿಂಫೋಸೈಟ್‌ಗಳಿಂದ ಹುಟ್ಟಿದ ವೇಗದ ಬಗೆಯವು. ಎಚ್‌ಐವಿ ಸೋಂಕಿನಿಂದ ಅಥವಾ ಅಂಗಾಂಗ ಕಸಿಯ ನಂತರದ ಔಷಧಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದು ಬರುವ ಸಂಭವ ಹೆಚ್ಚು. ಅಂಥವರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ಸಿನ ಕೈವಾಡವಿರುತ್ತದೆ. ಆದರೆ ಅಂಥ ಯಾವ ಹಿನ್ನೆಲೆಯೂ ಇಲ್ಲದ, ಅರವತ್ತರ ಆಸುಪಾಸಿನ, ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದವರಲ್ಲೂ ಇದು ಬರುತ್ತದೆ. ಎಂಆರ್‌ಐಯಲ್ಲಿ ಇದಕ್ಕೊಂದು ಚಹರೆ ಇದೆ: ಮಿದುಳಿನ ಕುಹರಗಳ ಅಂಚಿನಲ್ಲಿ, ಎರಡು ಅರೆಗೋಳಗಳನ್ನು ಜೋಡಿಸುವ ಸೇತುವಿನಂಥ ಆಳದ ಭಾಗಗಳಲ್ಲಿ ಕುಳಿತು, ರಕ್ತನಾಳಕ್ಕೆ ಕಾಂಟ್ರಾಸ್ಟ್ ಎಂಬ ದ್ರವ ಕೊಟ್ಟಾಗ ಅಂಚಿನಿಂದ ನಡುವಿನವರೆಗೆ ಒಂದೇ ಸಮನಾಗಿ ಬೆಳಗುವ ಗಡ್ಡೆ. ಆಳದಲ್ಲಿರುವುದರಿಂದಲೇ ಫಿಟ್ಸ್‌ಗಿಂತ ಹೆಚ್ಚಾಗಿ ಸ್ವಭಾವದ ಬದಲಾವಣೆ, ಮರೆವು, ಮಂಕುತನ ಮೊದಲು ಕಾಣಿಸುತ್ತವೆ. ಎಚ್‌ಐವಿ ಇರುವವರಲ್ಲಿ ಈ ಚಹರೆ ಬದಲಾಗುತ್ತದೆ. ನಡುಭಾಗ ಕೊಳೆತು ಅಂಚು ಮಾತ್ರ ಬೆಳಗಿ ಉಂಗುರದಂತೆ ಕಾಣಬಹುದು. ಈ ಉಂಗುರದ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ಸ್ಟೀರಾಯ್ಡ್. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರದಲ್ಲಿ ತಯಾರಾಗುವ ಹಾರ್ಮೋನುಗಳಿಗೂ ಲಿಂಫೋಸೈಟ್‌ಗಳಿಗೂ ಇರುವ ವೈರ ಬಹಳ ಹಿಂದೆಯೇ ತಿಳಿದದ್ದು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಅವರು ಈ ಗ್ರಂಥಿಯಿಂದ ಬೇರ್ಪಡಿಸಿದ, ಆಗ ಇನ್ನೂ 'ಸಂಯುಕ್ತ ಇ' ಎಂದಷ್ಟೇ ಕರೆಯುತ್ತಿದ್ದ ವಸ್ತುವನ್ನು ಇಲಿಗಳ ಲಿಂಫೋಮಾ ಬಗೆಯ ಗಡ್ಡೆಗೆ ಕೊಟ್ಟು ನೋಡಿದ ಪ್ರಯೋಗ 1944ರಲ್ಲಿ ಪ್ರಕಟವಾಯಿತು. ಗಡ್ಡೆ ಕರಗಿತು, ಆಮೇಲೆ ಹಲವು ಇಲಿಗಳಲ್ಲಿ ಮರಳಿ ಬಂತು. ಅದೇ ವಸ್ತುವನ್ನು 1948ರಲ್ಲಿ ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ನರಳುತ್ತಿದ್ದ ಒಬ್ಬ ಮಹಿಳೆಗೆ ಕೊಟ್ಟರು. ಅದು ಕಾರ್ಟಿಸೋನ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿ, 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಹುಮಾನ ತಂದಿತು. ಜಗತ್ತು ಕೀಲುನೋವಿನ ಕಥೆಯನ್ನು ನೆನಪಿಟ್ಟುಕೊಂಡಿತು. ಈ ಉಪನ್ಯಾಸಕ್ಕೆ ಬೇಕಾದದ್ದು ಅದಕ್ಕೂ ನಾಲ್ಕು ವರ್ಷ ಹಿಂದಿನ ಇಲಿಗಳ ಕಥೆ. ಕರಗುವುದು ಮತ್ತು ಮರಳುವುದು ಎರಡೂ ಅಲ್ಲಿಯೇ ಇವೆ.

ಮಿದುಳಿನ ಊತಕ್ಕೆ ಸ್ಟೀರಾಯ್ಡ್ ಬಳಸುವ ರೂಢಿ ಶುರುವಾದದ್ದು 1961ರಲ್ಲಿ. ಮಿನೆಸೋಟಾ ವಿಶ್ವವಿದ್ಯಾಲಯದ ನರಶಸ್ತ್ರಚಿಕಿತ್ಸಕರಾದ ಜೋಸೆಫ್ ಗ್ಯಾಲಿಸಿಚ್ ಮತ್ತು ಲೈಲ್ ಫ್ರೆಂಚ್ ಅವರು ಮಿದುಳಿನ ಗಡ್ಡೆಯ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಕೊಟ್ಟು, ಪ್ರಜ್ಞೆ ಮಸುಕಾಗಿದ್ದವರು ಎಚ್ಚರಗೊಂಡದ್ದನ್ನು ವರದಿ ಮಾಡಿದರು. ಅದಕ್ಕೆ ಮೊದಲು ಊತದಿಂದಲೇ ಸಾಯುತ್ತಿದ್ದವರ ಸಂಖ್ಯೆ ದೊಡ್ಡದಿತ್ತು, ಆದ್ದರಿಂದ ಈ ಔಷಧ ನರಶಸ್ತ್ರಚಿಕಿತ್ಸೆಯ ಮುಖವನ್ನೇ ಬದಲಿಸಿತು ಎಂದರೆ ಅತಿಶಯೋಕ್ತಿಯಲ್ಲ. ಡೆಕ್ಸಾಮೆಥಾಸೋನ್ ನಮ್ಮ ದೇಹದ ಸಹಜ ಕಾರ್ಟಿಸೋಲ್‌ಗಿಂತ ಸುಮಾರು 25 ಪಟ್ಟು ಪ್ರಬಲ, ಪರಿಣಾಮ ಒಂದೂವರೆ ದಿನಕ್ಕೂ ಮಿಕ್ಕಿ ಉಳಿಯುತ್ತದೆ, ಉಪ್ಪು-ನೀರನ್ನು ದೇಹದಲ್ಲಿ ಹಿಡಿದಿಡುವ ಗುಣ ಬಹಳ ಕಡಿಮೆ. ಗಡ್ಡೆಯೊಳಗಿನ ರಕ್ತನಾಳಗಳ ಗೋಡೆ ಸಡಿಲವಾಗಿರುತ್ತದೆ, ಅಲ್ಲಿಂದ ದ್ರವ ಸೋರಿ ಸುತ್ತಲಿನ ಮಿದುಳಿಗೆ ಇಳಿಯುತ್ತದೆ. ಸ್ಟೀರಾಯ್ಡ್ ಆ ಸೋರಿಕೆಯನ್ನು ಬಿಗಿ ಮಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಸ್ಕ್ಯಾನ್ ಓದುವವರು ಇದನ್ನು ಮರೆಯಬಾರದು. ಎಂಆರ್‌ಐಯಲ್ಲಿ ಗಡ್ಡೆ ಬೆಳಗುವುದು ರಕ್ತಕ್ಕೆ ಹಾಕಿದ ಕಾಂಟ್ರಾಸ್ಟ್ ಇದೇ ಸಡಿಲ ಗೋಡೆಯ ಮೂಲಕ ಹೊರಗೆ ಸೋರುವುದರಿಂದ. ಗೋಡೆ ಬಿಗಿಯಾದರೆ ಕಾಂಟ್ರಾಸ್ಟೂ ಸೋರುವುದಿಲ್ಲ. ಆಗ ಗಡ್ಡೆಯ ಒಂದು ಕೋಶವೂ ಸಾಯದಿದ್ದರೂ ಚಿತ್ರದಲ್ಲಿ ಅದು ಮಂಕಾಗಿ, ಚಿಕ್ಕದಾಗಿ ಕಾಣಬಹುದು. ಲಿಂಫೋಮಾದಲ್ಲಿ ಇದರ ಮೇಲೆ ಎರಡನೆಯ ಪರಿಣಾಮವೂ ಸೇರಿಕೊಳ್ಳುತ್ತದೆ. ಲಿಂಫೋಸೈಟ್‌ನ ಒಳಗೆ ಸ್ಟೀರಾಯ್ಡ್ ಹಿಡಿಯುವ ಗ್ರಾಹಕ ಪ್ರೋಟೀನು ಇರುತ್ತದೆ; ಔಷಧ ಅದಕ್ಕೆ ಅಂಟಿಕೊಂಡಾಗ ಎರಡೂ ಕೋಶಕೇಂದ್ರದೊಳಗೆ ಹೋಗಿ, ಕೋಶವನ್ನು ಬದುಕಿಸುವ ಜೀನುಗಳನ್ನು ತಗ್ಗಿಸಿ, ಅದನ್ನು ಸಾವಿನತ್ತ ತಳ್ಳುವ ಜೀನುಗಳನ್ನು ಏರಿಸುತ್ತವೆ. ಕೋಶ ತನ್ನನ್ನು ತಾನೇ ಕತ್ತರಿಸಿಕೊಂಡು ಸಾಯುವ ಈ ಕ್ರಮಕ್ಕೆ ಅಪೊಪ್ಟೋಸಿಸ್ ಎಂದು ಹೆಸರು. ಸ್ಕಾಟ್ಲೆಂಡಿನ ಆಂಡ್ರ್ಯೂ ವೈಲಿ ಅವರು 1980ರಲ್ಲಿ, ಎಳೆಯ ಲಿಂಫೋಸೈಟ್‌ಗಳಿಗೆ ಸ್ಟೀರಾಯ್ಡ್ ಕೊಟ್ಟಾಗ ಅವುಗಳ ಡಿಎನ್‌ಎ ಕ್ರಮಬದ್ಧವಾಗಿ ತುಂಡಾಗುವುದನ್ನು ತೋರಿಸಿದ್ದರು. ನರಕೋಶಕ್ಕಾಗಲಿ, ಗ್ಲಯೋಮಾ ಎಂಬ ಮಿದುಳಿನ ಸಾಮಾನ್ಯ ಗಡ್ಡೆಯ ಕೋಶಕ್ಕಾಗಲಿ ಇದೇ ಔಷಧ ಹೀಗೆ ಮಾಡುವುದಿಲ್ಲ.

ಸ್ಟೀರಾಯ್ಡ್ ಪಡೆದ ಮಿದುಳು ಲಿಂಫೋಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಯಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗುತ್ತದೆ, ಕೆಲವರಲ್ಲಿ ಪೂರ್ತಿ ಕಾಣದಾಗುತ್ತದೆ. ಕುಗ್ಗುವಿಕೆ ಕೆಲವು ದಿನಗಳಲ್ಲೇ ಶುರುವಾಗಬಹುದು. ಆದರೆ ಗಡ್ಡೆಯ ಎಲ್ಲ ಕೋಶಗಳೂ ಒಂದೇ ರೀತಿ ಇರುವುದಿಲ್ಲ. ಔಷಧಕ್ಕೆ ಬಗ್ಗದವು ರಕ್ತನಾಳಗಳ ಸುತ್ತ, ಚಿತ್ರಕ್ಕೆ ಸಿಗದಷ್ಟು ಚದುರಿ ಉಳಿದುಕೊಳ್ಳುತ್ತವೆ. ಅಂಗಳದ ಗರಿಕೆಯನ್ನು ಮೇಲಿಂದ ಹೆರೆದ ಹಾಗೆ. ನೆಲ ಬೋಳಾಗಿ ಕಾಣುತ್ತದೆ, ಬೇರು ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ವಾರಗಳಿಂದ ಕೆಲವು ತಿಂಗಳ ಒಳಗೆ ಗಡ್ಡೆ ಮರಳುತ್ತದೆ, ಎಷ್ಟೋ ಸಲ ಮೊದಲಿದ್ದ ಜಾಗದಲ್ಲಲ್ಲ, ಬೇರೆಡೆ.

ಈಗ ನನ್ನ ಮೇಜಿಗೆ ಬನ್ನಿ. ಸ್ಟೀರಾಯ್ಡ್ ಮುಟ್ಟದ ಲಿಂಫೋಮಾದ ತುಣುಕು ಬಂದರೆ ಅದನ್ನು ಗುರುತಿಸುವುದು ನಮಗೆ ಸಾಮಾನ್ಯವಾಗಿ ಕಷ್ಟವಲ್ಲ. ದೊಡ್ಡ ಕೋಶಕೇಂದ್ರದ, ಒರಟು ಕೋಶಗಳು ರಕ್ತನಾಳಗಳ ಸುತ್ತ ಪದರ ಪದರವಾಗಿ ಸಾಲುಗಟ್ಟಿರುತ್ತವೆ. ಅವು ಬಿ-ಕೋಶಗಳೆಂದು ಸಾರುವ ಸಿಡಿ20 ಎಂಬ ಗುರುತಿಗೆ ಬಣ್ಣ ಹಾಕಿದರೆ ತುಂಬೆಲ್ಲ ಕಂದು ಬಣ್ಣ ಏಳುತ್ತದೆ. ಎಷ್ಟು ಕೋಶಗಳು ವಿಭಜನೆಯಲ್ಲಿ ತೊಡಗಿವೆ ಎಂದು ತೋರಿಸುವ ಕೆಐ-67 ಪರೀಕ್ಷೆಯಲ್ಲಿ ಬಹುತೇಕ ಕೋಶಗಳು ಮಿನುಗುತ್ತವೆ. ಎರಡು ವಾರ ಡೆಕ್ಸಾಮೆಥಾಸೋನ್ ತೆಗೆದುಕೊಂಡ ರೋಗಿಯ ತುಣುಕು ಬಂದಾಗ ನಾನು ಕಾಣುವುದು ಬೇರೆಯೇ ದೃಶ್ಯ. ಸತ್ತ ಕೋಶಗಳ ಚೂರುಗಳು, ಅವನ್ನು ನುಂಗಿ ನೊರೆಯಂತೆ ಉಬ್ಬಿದ ಮ್ಯಾಕ್ರೋಫೇಜ್‌ಗಳು, ಗಾಯ ಮಾಯುವಾಗ ಹಿಗ್ಗುವ ಪೋಷಕ ಕೋಶಗಳು, ಅಲ್ಲಲ್ಲಿ ಸಣ್ಣ ಟಿ-ಲಿಂಫೋಸೈಟ್‌ಗಳು. ಈ ಟಿ-ಕೋಶಗಳು ಕ್ಯಾನ್ಸರಿನವಲ್ಲ, ಉರಿಯೂತ ಎಲ್ಲಿದ್ದರೂ ಬರುವಂಥವು. ಬಿ-ಕೋಶಗಳು ಬೆರಳೆಣಿಕೆಯಷ್ಟೂ ಸಿಗದೆ ಹೋಗಬಹುದು. ಇಂಥ ತುಣುಕನ್ನು ನೋಡಿ ನರಗಳ ಮೈಲಿನ್ ಪೊರೆ ಕಳಚುವ ಕಾಯಿಲೆ ಎಂದೋ, ಹಳೆಯ ಪಾರ್ಶ್ವವಾಯುವಿನ ಗಾಯ ಎಂದೋ, ಸೋಂಕಿನ ನಂತರದ ಉರಿಯೂತ ಎಂದೋ ಬರೆಯುವುದು ತೀರ ಸುಲಭ, ಏಕೆಂದರೆ ಆ ಕಾಯಿಲೆಗಳಲ್ಲೂ ಇದೇ ಕೋಶಗಳು ಇರುತ್ತವೆ. ನಾವು ನಿರ್ದಿಷ್ಟ ರೋಗನಿರ್ಣಯ ಸಾಧ್ಯವಿಲ್ಲ ಎಂದು ಪ್ರಾಮಾಣಿಕವಾಗಿ ಬರೆದರೂ, ರೋಗಿಯ ಮನೆಯವರ ಕೈಗೆ ಆ ವರದಿ ತಲುಪುವಾಗ ಅದು ಕ್ಯಾನ್ಸರ್ ಸಿಕ್ಕಿಲ್ಲ ಎಂಬ ಸಿಹಿಸುದ್ದಿಯಾಗಿ ಬದಲಾಗಿರುತ್ತದೆ. ಆದ್ದರಿಂದ ಬಯಾಪ್ಸಿ ಚೀಟಿಯಲ್ಲಿ ಸ್ಟೀರಾಯ್ಡ್ ಕೊಟ್ಟ ಸಂಗತಿ ಇಲ್ಲದಿರುವುದು ನನ್ನ ಮಟ್ಟಿಗೆ ರೋಗಿಯ ವಯಸ್ಸು ಇಲ್ಲದಿರುವುದಕ್ಕಿಂತ ದೊಡ್ಡ ಕೊರತೆ. ಆ ಒಂದು ಸಾಲು ಇದ್ದರೆ, ಮ್ಯಾಕ್ರೋಫೇಜ್‌ಗಳ ನಡುವೆ ಅಡಗಿರುವ ನಾಲ್ಕಾರು ಬಿ-ಕೋಶಗಳಿಗಾಗಿ ಇನ್ನಷ್ಟು ಆಳಕ್ಕೆ ಕತ್ತರಿಸಿ ಹುಡುಕುತ್ತೇವೆ, ಜೀನ್ ಪರೀಕ್ಷೆಗೆ ತುಣುಕು ಉಳಿಸುತ್ತೇವೆ.

ಸ್ಟೀರಾಯ್ಡ್ ಕೊಟ್ಟವರೆಲ್ಲರ ಬಯಾಪ್ಸಿಯೂ ಹಾಳಾಗುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಹಳೆಯ ವರದಿಗಳಲ್ಲಿ ಅರ್ಧದಷ್ಟು ತುಣುಕುಗಳು ನಿರುಪಯುಕ್ತವಾದದ್ದು ಉಂಟು. ಈಚಿನ ಹಲವು ಅಧ್ಯಯನಗಳಲ್ಲಿ ಆ ಪ್ರಮಾಣ ಸಾಕಷ್ಟು ಕಡಿಮೆ ಬಂದಿದೆ, ಸ್ಟೀರಾಯ್ಡ್ ಪಡೆದ ಬಹುಮಂದಿಯಲ್ಲೂ ರೋಗ ಪತ್ತೆಯಾಗಿದೆ. ಚಿತ್ರ ನೋಡಿಕೊಂಡು ಗುರಿಯಿಟ್ಟು ಸೂಜಿ ಇಳಿಸುವ ವಿಧಾನ ಸುಧಾರಿಸಿದ್ದು, ಬಣ್ಣ ಹಾಕುವ ಪರೀಕ್ಷೆಗಳು ಸೂಕ್ಷ್ಮವಾದದ್ದು ಅದಕ್ಕೆ ಕಾರಣವಾಗಿರಬಹುದು. ಹಾಗಾಗಿ ಎರಡು ದಿನ ಔಷಧ ಕೊಟ್ಟಾಯಿತು, ಇನ್ನು ಬಯಾಪ್ಸಿಯಿಂದ ಪ್ರಯೋಜನವಿಲ್ಲ ಎಂದು ಕೈಚೆಲ್ಲುವುದು ಸರಿಯಲ್ಲ. ನನ್ನ ಅನುಭವದಲ್ಲಿ ನಿರ್ಣಾಯಕವಾದದ್ದು ಒಂದೇ: ಸೂಜಿ ಇಳಿಸುವ ಹೊತ್ತಿಗೆ ಗಡ್ಡೆ ಚಿತ್ರದಲ್ಲಿ ಇನ್ನೂ ಬೆಳಗುತ್ತಿದೆಯೇ, ಇಲ್ಲವೇ. ಬೆಳಗುತ್ತಿದ್ದರೆ ಅಲ್ಲಿಂದ ತುಣುಕು ತೆಗೆಯಿರಿ. ಮಸುಕಾಗಿ ಹೋಗಿದ್ದರೆ ಅದೇ ದಿನ ತಲೆಬುರುಡೆಗೆ ರಂಧ್ರ ಕೊರೆಯುವ ಮುನ್ನ ಯೋಚಿಸಿರಿ.

ನಮ್ಮ ನಾಡಿನಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ, ಅಮೆರಿಕ ಯೂರೋಪುಗಳ ಪುಸ್ತಕಗಳಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ. ಮಿದುಳಿನಲ್ಲಿ ಕಾಂಟ್ರಾಸ್ಟ್‌ಗೆ ಬೆಳಗುವ ಗಂಟು ಅಥವಾ ಉಂಗುರ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯದ ಗಂಟು ಮತ್ತು ಲಾಡಿಹುಳದ ಮರಿಕೋಶ. ಹಾಗೆ ನೆನಪಾಗುವುದು ಸರಿಯೇ, ಅವು ಇಲ್ಲಿ ಲಿಂಫೋಮಾಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಯಾಪ್ಸಿ ದುಬಾರಿ, ದೂರದ ಊರಿಗೆ ಹೋಗಬೇಕು, ತಲೆ ಕೊರೆಯುತ್ತಾರೆ ಎಂದರೆ ಮನೆಯವರಿಗೆ ಭಯ. ಆದ್ದರಿಂದ ಕ್ಷಯದ ಔಷಧ ಶುರುಮಾಡಿ ನೋಡೋಣ ಎಂಬ ನಿರ್ಧಾರ ಸಹಜವಾಗಿ ಆಗುತ್ತದೆ. ಆದರೆ ಮಿದುಳಿನ ಕ್ಷಯದ ಚಿಕಿತ್ಸೆಯಲ್ಲಿ ಮಾತ್ರೆಗಳ ಜೊತೆ ಸ್ಟೀರಾಯ್ಡ್ ಕೊಡುವುದು ರೂಢಿ. ಹುಳದ ಚಿಕಿತ್ಸೆಯಲ್ಲೂ ಆಲ್ಬೆಂಡಜೋಲ್ ಜೊತೆ ಸ್ಟೀರಾಯ್ಡ್ ಇರುತ್ತದೆ. ತಿಂಗಳ ನಂತರ ಸ್ಕ್ಯಾನ್ ಮಾಡಿದಾಗ ಗಡ್ಡೆ ಕರಗಿದ್ದರೆ, ಕ್ಷಯದ ಮಾತ್ರೆ ಕೆಲಸ ಮಾಡಿತು, ಆದ್ದರಿಂದ ಇದು ಕ್ಷಯವೇ ಎಂದು ಎಲ್ಲರೂ ನಂಬುತ್ತಾರೆ. ಕರಗಿಸಿದ್ದು ಪಕ್ಕದ ಮಾತ್ರೆಯಾಗಿರಬಹುದು ಎಂಬ ಅನುಮಾನ ಆ ಗಳಿಗೆಯಲ್ಲಿ ಬರುವುದು ಕಷ್ಟ. ಕ್ಷಯದ ಗಂಟು ಸಾಮಾನ್ಯವಾಗಿ ಇಷ್ಟು ಬೇಗ ಪೂರ್ತಿ ಕರಗುವುದಿಲ್ಲ, ಅದಕ್ಕೆ ತಿಂಗಳುಗಳೇ ಬೇಕು. ಎರಡು ಮೂರು ವಾರದಲ್ಲಿ ಗಡ್ಡೆ ಮಾಯವಾಯಿತು ಎಂದರೆ ಸಂತೋಷಪಡುವ ಮೊದಲು ಲಿಂಫೋಮಾವನ್ನು ನೆನೆಯಬೇಕು. ಹಾಗೆಂದು ಸ್ಟೀರಾಯ್ಡ್‌ಗೆ ಕರಗಿದ್ದೆಲ್ಲ ಲಿಂಫೋಮಾವೂ ಅಲ್ಲ. ಗಡ್ಡೆಯಂತೆ ಕಾಣುವ ಮೈಲಿನ್ ಕಾಯಿಲೆ, ಸಾರ್ಕಾಯ್ಡೋಸಿಸ್ ಮುಂತಾದ ಉರಿಯೂತಗಳೂ ಹೀಗೆಯೇ ಕರಗುತ್ತವೆ. ಕರಗುವುದನ್ನು ಪರೀಕ್ಷೆಯಾಗಿ ಬಳಸಲಾಗದು ಎಂಬುದು ಇದರ ಅರ್ಥ.

ಚೀಟಿಯಲ್ಲಿ ಬರೆಯದ ಸ್ಟೀರಾಯ್ಡ್ ಕೂಡ ನಮ್ಮಲ್ಲಿ ಇದೆ. ಉಬ್ಬಸಕ್ಕೆ, ಕೀಲುನೋವಿಗೆ, ಚರ್ಮದ ತುರಿಕೆಗೆ ಅಂಗಡಿಯಿಂದ ತಾವೇ ತಂದು ನುಂಗುವ ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಮಾತ್ರೆಗಳಿವೆ. ಏನಿದೆ ಎಂದು ಹೇಳದೆ ಕಟ್ಟಿಕೊಡುವ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಗೊತ್ತಿರುವ ವಿಷಯವೇ. ಮನೆಯವರು ದಯವಿಟ್ಟು ಇಂಥದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಯಾರೂ ನಿಮ್ಮನ್ನು ಬೈಯುವುದಕ್ಕಾಗಿ ಕೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸ್ಕ್ಯಾನ್ ನೋಡಿ ಲಿಂಫೋಮಾ ಇರಬಹುದು ಎಂಬ ಅನುಮಾನ ಬಂದಾಗ, ರೋಗಿ ಎಚ್ಚರವಾಗಿದ್ದು ಸ್ಥಿರವಾಗಿದ್ದರೆ, ಸ್ಟೀರಾಯ್ಡ್ ಶುರುಮಾಡದೆ ಆದಷ್ಟು ಬೇಗ, ವಾರಗಳಲ್ಲಲ್ಲ, ದಿನಗಳಲ್ಲಿ ಬಯಾಪ್ಸಿ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನರಶಸ್ತ್ರಚಿಕಿತ್ಸೆಯೂ ನರರೋಗಶಾಸ್ತ್ರದ ಪ್ರಯೋಗಾಲಯವೂ ಒಂದೇ ಆವರಣದಲ್ಲಿವೆ. ಕಳಿಸುವ ಮೊದಲು ಅಲ್ಲಿನವರಿಗೆ ಫೋನ್ ಮಾಡಿ ಸ್ಟೀರಾಯ್ಡ್ ಕೊಡಲೇ ಬೇಡವೇ ಎಂದು ಕೇಳುವುದು ಐದು ನಿಮಿಷದ ಕೆಲಸ. ಆದರೆ ಈ ಮಾತನ್ನು ಅತಿಗೆ ಎಳೆಯಬೇಡಿ ಎಂದು ನಾನು ಅಷ್ಟೇ ಒತ್ತಿ ಹೇಳಬೇಕು. ರೋಗಿಗೆ ಪ್ರಜ್ಞೆ ತಪ್ಪುತ್ತಿದೆ, ಒಂದು ಕಣ್ಣಿನ ಪಾಪೆ ಹಿಗ್ಗುತ್ತಿದೆ, ಮಿದುಳು ತನ್ನ ಜಾಗದಿಂದ ಸರಿದು ಕಾಂಡವನ್ನು ಒತ್ತುತ್ತಿದೆ ಎಂದಾದರೆ ಡೆಕ್ಸಾಮೆಥಾಸೋನ್ ಕೊಡಿ, ಮ್ಯಾನಿಟಾಲ್ ಅಥವಾ ಗಾಢ ಉಪ್ಪಿನ ದ್ರವ ಕೊಡಿ, ಜೀವ ಉಳಿಸಿ. ತುಣುಕಿನ ಶುದ್ಧತೆಗಾಗಿ ಜೀವವನ್ನು ಪಣಕ್ಕಿಡುವುದನ್ನು ಯಾವ ರೋಗಶಾಸ್ತ್ರಜ್ಞನೂ ಕೇಳುವುದಿಲ್ಲ. ಆಮೇಲೆ ಸಾಧ್ಯವಾದಷ್ಟು ಬೇಗ, ಗಡ್ಡೆ ಇನ್ನೂ ಬೆಳಗುತ್ತಿರುವಾಗಲೇ ಬಯಾಪ್ಸಿ ಆಗಲಿ.

ಔಷಧ ಆಗಲೇ ಕೊಟ್ಟು ಗಡ್ಡೆ ಕರಗಿಯೇ ಹೋಗಿದ್ದರೆ, ರೋಗಿ ತಡೆದುಕೊಳ್ಳುವಷ್ಟು ಮಟ್ಟಿಗೆ ಸ್ಟೀರಾಯ್ಡ್ ಅನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿ, ಕಾದು, ಎಂಆರ್‌ಐಯನ್ನು ಮತ್ತೆ ಮತ್ತೆ ನೋಡುತ್ತಿರಬೇಕು. ಗಡ್ಡೆ ಮತ್ತೆ ಬೆಳಗಿದ ದಿನವೇ ಬಯಾಪ್ಸಿಯ ದಿನ. ಈ ಕಾಯುವಿಕೆ ಮನೆಯವರಿಗೆ ಎಂಥ ಸಂಕಟ ಎಂದು ನನಗೆ ಗೊತ್ತು: ಚೆನ್ನಾಗಿರುವ ತಂದೆಯನ್ನು ನೋಡುತ್ತಾ ಕಾಯಿಲೆ ಮರಳಲಿ ಎಂದು ಕಾಯುವುದು. ಈ ಅವಧಿಯಲ್ಲಿ ಸುಮ್ಮನೆ ಕುಳಿತಿರಬೇಕಿಲ್ಲ. ಮಿದುಳಿನ ಒತ್ತಡ ಅನುಮತಿಸಿದರೆ ಬೆನ್ನಿನಿಂದ ದ್ರವ ತೆಗೆದು ಕ್ಯಾನ್ಸರ್ ಕೋಶಗಳನ್ನು ಹುಡುಕಬಹುದು. ಈ ಲಿಂಫೋಮಾಗಳಲ್ಲಿ ಬಹಳಷ್ಟರಲ್ಲಿ ಎಂವೈಡಿ88 ಎಂಬ ಜೀನಿನಲ್ಲಿ ಒಂದೇ ನಿರ್ದಿಷ್ಟ ಬದಲಾವಣೆ ಇರುತ್ತದೆ; ಆ ಬದಲಾವಣೆಯನ್ನು ಹೊತ್ತ ಡಿಎನ್‌ಎ ಚೂರುಗಳನ್ನೂ ಇಂಟರ್‌ಲ್ಯೂಕಿನ್-10 ಎಂಬ ವಸ್ತುವಿನ ಏರಿಕೆಯನ್ನೂ ದ್ರವದಲ್ಲಿ ಗುರುತಿಸುವ ಪರೀಕ್ಷೆಗಳು ಬಂದಿವೆ. ಇವು ಎಲ್ಲ ಕಡೆ ಸಿಗುವುದಿಲ್ಲ, ಬಯಾಪ್ಸಿಯ ಸ್ಥಾನವನ್ನು ಇನ್ನೂ ಪೂರ್ತಿ ತುಂಬಿಲ್ಲ.

ಕಣ್ಣನ್ನೂ ನೋಡಬೇಕು. ಸ್ವಲ್ಪ ದಾರಿ ಬಿಟ್ಟು ಈ ಮಾತು ಹೇಳುತ್ತೇನೆ, ಏಕೆಂದರೆ ಸ್ಟೀರಾಯ್ಡ್‌ನ ಇದೇ ಆಟ ಅಲ್ಲಿಯೂ ನಡೆಯುತ್ತದೆ. ಲಿಂಫೋಮಾ ಕಣ್ಣಿನ ಒಳಗಿನ ಗಾಜಿನಂಥ ದ್ರವಕ್ಕೂ ಅಕ್ಷಿಪಟಲಕ್ಕೂ ಬರುತ್ತದೆ. ಮಿದುಳಿಗಿಂತ ಮೊದಲೇ ಅಲ್ಲಿ ಶುರುವಾಗುವುದೂ ಉಂಟು. ರೋಗಿಗೆ ಮಂಜು ಕವಿದ ಹಾಗೆ, ಕಣ್ಣೆದುರು ಚುಕ್ಕೆಗಳು ತೇಲಿದ ಹಾಗೆ ಕಾಣುತ್ತದೆ. ಯುವಿಯೈಟಿಸ್ ಎಂಬ ಉರಿಯೂತ ಎಂದು ಸ್ಟೀರಾಯ್ಡ್ ಹನಿಗಳನ್ನೋ ಮಾತ್ರೆಗಳನ್ನೋ ಕೊಟ್ಟರೆ ಸುಧಾರಿಸುತ್ತದೆ, ನಿಲ್ಲಿಸಿದರೆ ಮರಳುತ್ತದೆ. ಐವತ್ತು ದಾಟಿದವರಲ್ಲಿ ಹೀಗೆ ಪದೇ ಪದೇ ಮರಳುವ ಉರಿಯೂತವನ್ನು ಕಂಡ ನೇತ್ರವೈದ್ಯರು ಒಂದು ಎಂಆರ್‌ಐ ಕೇಳುವುದು ಒಳ್ಳೆಯದು. ಮಿದುಳಿನ ತುಣುಕು ತೆಗೆಯಲಾಗದ ರೋಗಿಯಲ್ಲಿ ಕಣ್ಣಿನ ದ್ರವದಿಂದಲೇ ರೋಗ ನಿರ್ಣಯವಾಗುವ ಸಾಧ್ಯತೆಯೂ ಇದೆ.

ರೋಗ ಖಚಿತವಾದ ಮೇಲೆ ಸ್ಟೀರಾಯ್ಡ್ ನಮ್ಮ ವಿರೋಧಿಯಲ್ಲ. ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ಊತ ಇಳಿಸಲು ಅದು ಬೇಕೇ ಬೇಕು. ಆದರೆ ಆ ಹಂತದಲ್ಲೂ ಎಚ್ಚರ ಬೇಕಾದ ಕೆಲವು ಸಂಗತಿಗಳಿವೆ. ಈ ಲಿಂಫೋಮಾದ ಮುಖ್ಯ ಔಷಧ ಮೆಥೋಟ್ರೆಕ್ಸೇಟ್. ದೇಹದ ಬೇರೆಡೆಯ ಲಿಂಫೋಮಾಗಳಿಗೆ ಕೊಡುವ ಔಷಧಗಳಲ್ಲಿ ಹೆಚ್ಚಿನವು ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಸಾಕಷ್ಟು ದಾಟುವುದಿಲ್ಲವಾದ್ದರಿಂದ, ಇದನ್ನು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 3 ಗ್ರಾಂ ಅಥವಾ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳದ ಮೂಲಕ ಕೊಟ್ಟು, ಮರುದಿನ ಫೋಲಿನಿಕ್ ಆಮ್ಲದಿಂದ ಉಳಿದ ದೇಹವನ್ನು ರಕ್ಷಿಸುತ್ತಾರೆ. ಅದು ಮೂತ್ರಪಿಂಡದ ಮೂಲಕ ಸಲೀಸಾಗಿ ಹೊರಹೋಗಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಹೊಟ್ಟೆಯುರಿ ಬಾರದಿರಲಿ ಎಂದು ನಾವು ಯೋಚಿಸದೆಯೇ ಬರೆಯುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಮೆಥೋಟ್ರೆಕ್ಸೇಟ್ ಹೊರಹೋಗುವುದನ್ನು ತಡಮಾಡಬಲ್ಲವು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಶ್ವಾಸಕೋಶದ ಒಂದು ಬಗೆಯ ಸೋಂಕು ತಗಲದಂತೆ ಕೊಡುವ ಕೋಟ್ರೈಮಾಕ್ಸಜೋಲ್ ಇನ್ನೂ ಅಪಾಯಕಾರಿ. ಅದು ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ರಕ್ತಕಣಗಳು ಕುಸಿಯಬಹುದು. ಆಸ್ಪತ್ರೆಯಲ್ಲಿ ಇವನ್ನು ನಿಲ್ಲಿಸಿದ್ದರೆ, ಊರಿಗೆ ಬಂದ ಮೇಲೆ ಹಳೆಯ ಚೀಟಿ ನೋಡಿ ಮತ್ತೆ ಶುರುಮಾಡಬೇಡಿ.

ಚಿಕಿತ್ಸೆ ಫಲಿಸಿತೇ ಎಂದು ಅಳೆಯುವಾಗಲೂ ಸ್ಟೀರಾಯ್ಡ್ ಲೆಕ್ಕಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ತಜ್ಞರ ಗುಂಪು 2005ರಲ್ಲಿ ಪ್ರಕಟಿಸಿದ ಅಳತೆಗೋಲಿನ ಪ್ರಕಾರ, ಎಂಆರ್‌ಐಯಲ್ಲಿ ಬೆಳಗುವ ಗಡ್ಡೆ ಪೂರ್ತಿ ಹೋಗಿದ್ದರೂ ರೋಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಸಂಪೂರ್ಣ ಫಲ ಎಂದು ಖಚಿತವಾಗಿ ಕರೆಯುವಂತಿಲ್ಲ. ಕಾರಣ ನಿಮಗೆ ಈಗ ಗೊತ್ತಿದೆ.

ಅಡ್ಡಪರಿಣಾಮಗಳನ್ನು ನಾನು ಉದ್ದಕ್ಕೆ ಹೇಳುವುದಿಲ್ಲ, ಸಕ್ಕರೆ ಏರುವುದು, ನಿದ್ದೆಗೆಡುವುದು, ಸೋಂಕು ಬರುವುದು ನಿಮಗೆ ತಿಳಿದದ್ದೇ. ಒಂದನ್ನು ಮಾತ್ರ ಹೇಳಬೇಕು. ವಾರಗಟ್ಟಲೆ ಡೆಕ್ಸಾಮೆಥಾಸೋನ್ ತೆಗೆದುಕೊಂಡವರಿಗೆ ತೊಡೆಯ ಸ್ನಾಯುಗಳು ಸೊರಗಿ, ನೆಲದ ಮೇಲೆ ಕುಳಿತರೆ ಕೈಯೂರದೆ ಏಳಲಾಗುವುದಿಲ್ಲ, ಮೆಟ್ಟಿಲು ಹತ್ತಲಾಗುವುದಿಲ್ಲ. ಮನೆಯವರು ಗಡ್ಡೆ ಬೆಳೆಯುತ್ತಿದೆ ಎಂದು ಹೆದರಿ ಸ್ಟೀರಾಯ್ಡ್ ಹೆಚ್ಚಿಸಲು ಕೇಳುತ್ತಾರೆ, ಹೆಚ್ಚಿಸಿದಷ್ಟೂ ಕಾಲು ಇನ್ನಷ್ಟು ಸೋಲುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಚೆನ್ನಾಗಿದ್ದೇನೆ ಎಂದು ಮಾತ್ರೆಯನ್ನು ಒಮ್ಮೆಗೇ ಬಿಟ್ಟವರಲ್ಲಿ, ಇಷ್ಟು ದಿನ ಕೆಲಸವಿಲ್ಲದೆ ಮಲಗಿದ್ದ ಅಡ್ರಿನಲ್ ಗ್ರಂಥಿ ತಕ್ಷಣ ಏಳಲಾರದೆ, ರಕ್ತದೊತ್ತಡ ಕುಸಿದು, ವಾಂತಿಯಾಗಿ, ಜೀವಕ್ಕೇ ಸಂಚಕಾರ ಬರಬಹುದು.

ಉಪನ್ಯಾಸಕ್ಕೆ ಮುಂಚೆ ಒಬ್ಬರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗೆ ಉತ್ತರಿಸಿ ನಿಲ್ಲಿಸುತ್ತೇನೆ. 'ಅಪ್ಪನ ಗಡ್ಡೆ ಬರೀ ಸ್ಟೀರಾಯ್ಡ್‌ಗೇ ಕರಗಿದೆ. ವಯಸ್ಸಾದವರಿಗೆ ಕೀಮೋ ಕೊಟ್ಟು ಹಿಂಸೆ ಯಾಕೆ, ಇದನ್ನೇ ಮುಂದುವರಿಸಬಾರದೇ?' ಪ್ರಶ್ನೆಯ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ನಿಮ್ಮ ತಂದೆಗೆ ಇರುವುದು ಲಿಂಫೋಮಾ ಎಂದು ಖಚಿತವಾದರೆ, ಸ್ಟೀರಾಯ್ಡ್ ಒಂದರಿಂದಲೇ ಸಿಗುವುದು ಸಾಮಾನ್ಯವಾಗಿ ಕೆಲವೇ ತಿಂಗಳು. ಯೂರೋಪಿನ ಐದು ದೇಶಗಳ ಆಸ್ಪತ್ರೆಗಳಲ್ಲಿ 70 ವರ್ಷದವರೆಗಿನ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮೆಥೋಟ್ರೆಕ್ಸೇಟ್ ಜೊತೆ ಸೈಟರಾಬಿನ್, ಥಯೋಟೆಪಾ, ರಿಟುಕ್ಸಿಮ್ಯಾಬ್ ಮೂರನ್ನೂ ಕೊಟ್ಟ ಗುಂಪಿನಲ್ಲಿ ಎರಡು ವರ್ಷದ ನಂತರ ನೂರಕ್ಕೆ 69 ಮಂದಿ ಬದುಕಿದ್ದರು. ಆ ಚಿಕಿತ್ಸೆ ಸುಲಭದ್ದಲ್ಲ, ಸೋಂಕುಗಳಿಂದ ಪ್ರಾಣಕ್ಕೇ ಅಪಾಯ ಬಂದದ್ದುಂಟು. ಎಪ್ಪತ್ತು ದಾಟಿದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಇದಕ್ಕಿಂತ ಮೃದುವಾದ ಕ್ರಮಗಳನ್ನು ಆರಿಸುತ್ತಾರೆ. ಸ್ಟೀರಾಯ್ಡ್‌ಗೆ ಗಡ್ಡೆ ಕರಗಿದ ರೋಗಿಗಳು ಮುಂದಿನ ಚಿಕಿತ್ಸೆಯ ನಂತರ ಇತರರಿಗಿಂತ ಹೆಚ್ಚು ಕಾಲ ಬದುಕಿದ್ದನ್ನು ತೋರಿಸಿದ ಅಧ್ಯಯನವೂ ಇದೆ. ಆದ್ದರಿಂದ ನಿಮ್ಮ ತಂದೆಯವರ ಮೊದಲ ಸ್ಕ್ಯಾನಿನ ಫಿಲ್ಮನ್ನೂ ಸಿ.ಡಿ.ಯನ್ನೂ, ಸ್ಟೀರಾಯ್ಡ್ ಶುರುವಾದ ದಿನ ಮತ್ತು ಪ್ರಮಾಣ ಬರೆದ ಚೀಟಿಯನ್ನೂ ತೆಗೆದುಕೊಂಡು, ಈಗ ಚೆನ್ನಾಗಿರುವಾಗಲೇ, ಈ ವಾರವೇ ಹೊರಡಿ.